ತಲೆಗಿಷ್ಟು

ಜನ ಸಾಲಿನಲ್ಲಿ ನಿಲ್ಲುವುದನ್ನು ನಾನು ನೋಡಿರುವಷ್ಟು ನಮ್ಮ ಬಡಾವಣೆಯಲ್ಲಿ ಬೇರೆ ಯಾರೂ ನೋಡಿರಲಾರರು. ಆಹಾರ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಿದ್ದವನು ನಾನು. ಸಕ್ಕರೆಯ ಸಾಲು, ಅಕ್ಕಿಯ ಸಾಲು, ಹಬ್ಬ ಬಂತೆಂದರೆ ತಾಳೆಎಣ್ಣೆಯ ಸಾಲು. ಇವೆಲ್ಲ ಸಾಮಂತರಾದರೆ ಸೀಮೆಎಣ್ಣೆಯ ಸಾಲು ಚಕ್ರವರ್ತಿ. ಅದರಲ್ಲಿ ಮನುಷ್ಯನೇ ನಿಲ್ಲಬೇಕೆಂಬ ಕಟ್ಟಳೆಯಿರಲಿಲ್ಲ. ಡಬ್ಬ ನಿಲ್ಲುತ್ತಿತ್ತು, ಡಬ್ಬ ತರಲು ಮರೆತವರ ಪರವಾಗಿ ಇಟ್ಟಿಗೆಯ ಚೂರು ನಿಲ್ಲುತ್ತಿತ್ತು, ಅದೂ ಸಿಕ್ಕದವರ ಪರವಾಗಿ ಹರಿದ ಚಪ್ಪಲಿ ನಿಲ್ಲುತ್ತಿತ್ತು. ಆ ಚಪ್ಪಲಿಗೆ ಎಂಥ ಮರ್ಯಾದೆಯೆಂದರೆ, ಅದರ ಯಜಮಾನ ಮೂರು ಗಂಟೆ ಬಿಟ್ಟು ಬಂದರೂ ಅವನ ಜಾಗ ಅವನಿಗೇ. ಸಾಲಿನ ವಿಷಯವಾಗಿ ನನ್ನದೇ ಒಂದು ಸಿದ್ಧಾಂತವೂ ಏರ್ಪಟ್ಟಿತ್ತು: ಯಾವುದು ಇಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲವೋ ಅದಕ್ಕೆ ಮಾತ್ರ ಮನುಷ್ಯ ಸಾಲಿನಲ್ಲಿ ನಿಲ್ಲುತ್ತಾನೆ. ಸಿನಿಮಾ ಟಿಕೇಟಿನ ಸಾಲು ಇದಕ್ಕೆ ಒಗ್ಗುತ್ತಿರಲಿಲ್ಲ, ನಿಜ. ಆದರೆ ಸಿನಿಮಾ ನಮ್ಮ ಇಲಾಖೆಗೆ ಸೇರಿದ್ದಲ್ಲ.

ಹೀಗಿರುವಾಗ, ಬಿಯರಿಗಾಗಿ ಜನ ಕಂಬಳಿ ಹೊದ್ದು ರಾತ್ರಿಯೆಲ್ಲ ಬೀದಿಯಲ್ಲಿ ಕೂರುವುದುಂಟು ಎಂದು ಮಗ ಹೇಳಿದಾಗ ನನಗೆ ಮೊದಲು ಹೊಳೆದದ್ದು ಬರಗಾಲ. ಇದು 2024ರ ಮಾತು. ನಾವಿಬ್ಬರೂ ಆಗ ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ಅವನ ಮನೆಯಲ್ಲಿದ್ದೆವು. ಬಿಯರಿಗೆ ಬರ ಬಂದ ಲಕ್ಷಣವೇನೂ ಅಲ್ಲಿ ಕಾಣಲಿಲ್ಲ. ಮನೆಗೆ ಹತ್ತಿರದ ದಿನಸಿ ಅಂಗಡಿಯಲ್ಲಿಯೇ, ಹಾಲು ಮೊಸರುಗಳಿಗೆ ಆನಿಕೊಂಡಂತೆ, ಅದು ಗೋಡೆಯುದ್ದಕ್ಕೂ ತುಂಬಿತ್ತು. "ಅದಲ್ಲಪ್ಪ, ಇದೇ ಬೇರೆ" ಎಂದ ಮಗ. ಕ್ರಾಫ್ಟ್ ಬಿಯರು ಎನ್ನುತ್ತಾರಂತೆ. ದೊಡ್ಡ ಕಾರಖಾನೆಗಳ ಸರಕಿನಿಂದ ಬೇಸತ್ತ ಜನ, ಸಣ್ಣ ಸಣ್ಣ ಬ್ರೂವರಿಗಳನ್ನು ಹೂಡಿ, ಹದ ನೋಡಿ, ರುಚಿ ನೋಡಿ ಮಾಡುವ ಬಿಯರು. ಅಂಥ ಬ್ರೂವರಿಗಳಲ್ಲಿ ಕೆಲವು ವರ್ಷಕ್ಕೊಮ್ಮೆ, ಸ್ವಲ್ಪವೇ ಸ್ವಲ್ಪ, ಒಂದು ವಿಶೇಷ ಬಿಯರನ್ನು ಹೊರಕ್ಕೆ ಬಿಡುತ್ತವೆ. ನಮ್ಮ ಕಡೆ ಮಾವಿನಹಣ್ಣಿಗೆ ಕಾಯುವಂತೆ ಅದಕ್ಕೆ ಕಾಯುವವರಿದ್ದಾರೆ. ವ್ಯತ್ಯಾಸವೆಂದರೆ ಮಾವಿಗೆ ಯಾರೂ ವಿಮಾನ ಹತ್ತಿ ಬರುವುದಿಲ್ಲ, ಇದಕ್ಕೆ ಬರುತ್ತಾರೆ.

"ಶುಕ್ರವಾರ ಬೆಳಗಿನ ಜಾವ ಮೂರಕ್ಕೆ ಹೊರಡೋಣ. ನೀವೂ ಬರಬೇಕು" ಎಂದ.

"ಕುಡಿಯದವನನ್ನು ಕರೆದುಕೊಂಡು ಹೋಗಿ ಏನು ಮಾಡುತ್ತೀಯೆ?"

"ಮನೆಗೆ ತರುವ ಶೀಸೆ ತಲೆಗಿಷ್ಟು ಅಂತ ಲೆಕ್ಕ ಅಪ್ಪ."

ಅರ್ಥವಾಯಿತು. ಅವನಿಗೆ ಬೇಕಾಗಿದ್ದದ್ದು ನನ್ನ ತಲೆ, ನಾಲಿಗೆಯಲ್ಲ. ಪಡಿತರ ಚೀಟಿಯಲ್ಲಿ ಕೂಸುಮರಿಗಳನ್ನೆಲ್ಲ ಯೂನಿಟ್ಟಾಗಿ ಬರೆಸುತ್ತಿದ್ದವರನ್ನೂ, ತಿಥಿಯಾಗಿ ಎಷ್ಟೋ ವರ್ಷವಾಗಿದ್ದರೂ ತಿಂಗಳು ತಿಂಗಳೂ ಸಕ್ಕರೆ ತಿನ್ನುತ್ತಿದ್ದ ಅಜ್ಜಿಯರನ್ನೂ ಹಿಡಿದು ಹಾಕುವುದರಲ್ಲಿ ಆಯುಸ್ಸು ಕಳೆದ ನಾನು, ಕೊನೆಗೊಂದು ದಿನ ನನ್ನ ಮಗನ ಚೀಟಿಯಲ್ಲಿ ಒಂದು ಯೂನಿಟ್ಟಾದೆ. ಈ ಮಂಡಳಿಯ ಪರಿಭಾಷೆಯಲ್ಲಿ, ಸುಲಭವಾಗಿ ದೊರೆಯದ ಬಿಯರಿಗೆ 'ತಿಮಿಂಗಿಲ' ಎಂದೂ, ಇನ್ನೊಬ್ಬರಿಗಾಗಿ ಅದನ್ನು ಹೊತ್ತು ತರುವವನಿಗೆ 'ಹೇಸರಗತ್ತೆ' ಎಂದೂ ಹೆಸರಂತೆ. ಹೆಸರಘಟ್ಟದ ನೀರು ಕುಡಿದು ಬೆಳೆದವನಿಗೆ ಈ ಬಿರುದು ಅಷ್ಟೇನೂ ದೂರದ್ದೆನಿಸಲಿಲ್ಲ. ನಮ್ಮಾಕೆಯದೂ ಒಂದು ತಲೆಯಿತ್ತು. ಆದರೆ, "ಹೆಂಡದಂಗಡಿ ಮುಂದೆ ಸಾಲು ನಿಲ್ಲೋ ಭಾಗ್ಯ ನಿಮಗೇ ಇರಲಿ" ಎಂದು ಆಕೆ ಮಗ್ಗುಲಾದಳು. ಸೊಸೆ ಮಾತ್ರ ಪುಳಿಯೋಗರೆ ಕಟ್ಟಿಕೊಟ್ಟಳು, ಫ್ಲಾಸ್ಕಿನಲ್ಲಿ ಕಾಫಿ ತುಂಬಿದಳು. ದಾರಿಯಲ್ಲಿ ಮಗನ ಸ್ನೇಹಿತನೊಬ್ಬ ಹತ್ತಿಕೊಂಡ. ಧಾರವಾಡದ ಕಡೆಯ ಹುಡುಗ. ಹುಡುಗ ಎಂದೆ, ನಲವತ್ತರ ಹತ್ತಿರ ಇದ್ದಾನು. ನನ್ನನ್ನು 'ಕಾಕಾ' ಎನ್ನುತ್ತಿದ್ದ.

ನಾವು ಹೋದದ್ದು ಸಾಂಟಾ ರೋಸಾ ಎಂಬ ಊರಿಗೆ. ಅಲ್ಲಿಯ ನಾಲ್ಕನೆಯ ಬೀದಿಯಲ್ಲಿ ರಷ್ಯನ್ ರಿವರ್ ಎಂಬ ಬ್ರೂವರಿಯವರ ಪಾನಶಾಲೆಯಿದೆ. ಅವರು ಮಾಡುವ ಎರಡು ಬಿಯರುಗಳಿಗೆ ರೋಮನ್ನರ ಹೆಸರು: ಹಿರಿಯ ಪ್ಲಿನಿ, ಕಿರಿಯ ಪ್ಲಿನಿ. ಹಿರಿಯ ಪ್ಲಿನಿ ನಿಸರ್ಗದ ಸಕಲ ಸಂಗತಿಗಳನ್ನೂ ಗ್ರಂಥಸ್ಥಮಾಡಿದ ಪಂಡಿತ, ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತ ಬೆಂಕಿ ಕಾರಿದಾಗ ಸತ್ತವನು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಬಳ್ಳಿಯ ಪ್ರಸ್ತಾಪ ಅವನ ಗ್ರಂಥದಲ್ಲಿದೆಯೆಂದು ನಂಬಿಕೆ. ಆ ಕಾರಣಕ್ಕೆ ಈ ನಾಮಕರಣ. ಕಿರಿಯವನು ಅವನ ಸೋದರಳಿಯ. ಬಿಯರಿನಲ್ಲಿ ಮಾತ್ರ ಅಳಿಯನೇ ಮಾವನಿಗಿಂತ ಗಟ್ಟಿಗ. ಹಿರಿಯ ಪ್ಲಿನಿ ವರ್ಷವೆಲ್ಲ ಸಿಕ್ಕುತ್ತದೆ. ಕಿರಿಯ ಪ್ಲಿನಿ, 2005ರಲ್ಲಿ ಮೊದಲು ತಯಾರಾದದ್ದು, ವರ್ಷಕ್ಕೆ ಎರಡೇ ವಾರ. ಮೊದಲ ಕೆಲವು ವರ್ಷ ಅದನ್ನು ಕೇಳುವವರು ಊರಿನವರೇ ಆಗಿದ್ದರಂತೆ. 2010ರಲ್ಲಿ ಬಿಯರು ರಸಿಕರು ತಮ್ಮತಮ್ಮೊಳಗೆ ಹಾಕುವ ಅಂಕಗಳಲ್ಲಿ ಅದು ಮೇಲಕ್ಕೇರಿದ್ದೇ ತಡ, ಸಾಲು ಹುಟ್ಟಿತು. ಈಗ ಆ ಎರಡು ವಾರ ಊರಿನ ಹೋಟೆಲುಗಳೆಲ್ಲ ಭರ್ತಿ. ಆ ಸಾಲಿನಿಂದ ಜಿಲ್ಲೆಗೆ ಹಲವು ದಶಲಕ್ಷ ಡಾಲರಿನ ವ್ಯಾಪಾರವಾಗುತ್ತದೆಂದು ಅಲ್ಲಿಯ ಸರಕಾರಿ ಕಚೇರಿಯವರೇ ಲೆಕ್ಕ ತೆಗೆದಿದ್ದಾರೆ. ಸಾಲಿನಿಂದ ಊರಿಗೆ ಲಾಭ! ನಮ್ಮ ಕಾಲದಲ್ಲಿ ಸಾಲು ಬೆಳೆದರೆ ಡೆಪ್ಯುಟಿ ಕಮಿಷನರಿಂದ ಮೆಮೊ ಬರುತ್ತಿತ್ತು.

ನಾವು ತಲುಪಿದಾಗ ಇನ್ನೂ ಕತ್ತಲೆ. ಬೀದಿಯ ಮೂಲೆ ತಿರುಗಿ ಸಾಲು ಹೋಗಿತ್ತು. ಮಡಿಸುವ ಕುರ್ಚಿಗಳು, ಕಂಬಳಿಗಳು, ಉಣ್ಣೆಯ ಟೋಪಿಗಳು. ವೃತ್ತಿಯ ಚಪಲ ಬಿಡಲಿಲ್ಲ. ಈ ತುದಿಯಿಂದ ಆ ತುದಿಗೆ ಒಮ್ಮೆ ತನಿಖೆ ಮಾಡಿಕೊಂಡು ಬಂದೆ. ತಳ್ಳಾಟವಿಲ್ಲ, ಜಗಳವಿಲ್ಲ. ಒಬ್ಬ ಮೂತ್ರಕ್ಕೆ ಎದ್ದು ಹೋದರೆ ಅವನ ಕುರ್ಚಿಯನ್ನು ಹಿಂದಿನವನು ಜೋಪಾನವಾಗಿ ಮುಂದಕ್ಕೆ ಸರಿಸುತ್ತಿದ್ದ. ನಮ್ಮ ಚಪ್ಪಲಿಯ ಧರ್ಮವೇ. ನಮ್ಮ ಹಿಂದಿದ್ದ ಮುದುಕ, ಬಡಗಿಯ ಕೆಲಸದವನು, ತಾನು ಪ್ರತಿ ವರ್ಷವೂ ಬರುವವನೆಂದೂ, ಮೊದಲು ಹೆಂಡತಿಯೊಡನೆ ಬರುತ್ತಿದ್ದೆನೆಂದೂ ಹೇಳಿ ನನ್ನ ಪುಳಿಯೋಗರೆಯನ್ನು ಬಹಳ ಆಸಕ್ತಿಯಿಂದ ನೋಡಿದ. ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದ.

ಬಾಗಿಲ ಬಳಿಗೆ ಬಂದಾಗ ಒಬ್ಬ ತರುಣ ನನ್ನ ಪಾಸ್‌ಪೋರ್ಟು ಕೇಳಿದ. 21 ವರ್ಷ ತುಂಬದವರಿಗೆ ಆ ದೇಶದಲ್ಲಿ ಮದ್ಯ ಕೊಡಕೂಡದು. ಬೋಳುತಲೆ, ಬಿಳಿಮೀಸೆ, ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆ ಆಗಿರುವ ನನ್ನನ್ನು, ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ತಾರೀಖನ್ನು, ಮತ್ತೆ ನನ್ನನ್ನು ನೋಡಿ, ಸಮಾಧಾನ ಮಾಡಿಕೊಂಡು ಕೈಗೆ ಕಾಗದದ ಪಟ್ಟಿ ಕಟ್ಟಿದ. ಎಪ್ಪತ್ತು ದಾಟಿದ ಮೇಲೆ ಯಾರಾದರೂ ನನ್ನ ವಯಸ್ಸನ್ನು ಇಷ್ಟು ಗಂಭೀರವಾಗಿ ಸಂದೇಹಿಸಿದ್ದು ಅದೇ ಮೊದಲು. ಒಳಗೆ ಸುಮಾರು 300 ಮಿಲಿಲೀಟರಿನ ಲೋಟದಲ್ಲಿ ತಲೆಗೆ ಮೂರೇ ಸಲ ಕೊಡುವುದು. ಕೊಟ್ಟದ್ದಕ್ಕೆ ಗುರುತು ಹಾಕಿಕೊಳ್ಳುತ್ತಾರೆ. ಇಷ್ಟು ಹೊತ್ತಿನೊಳಗೆ ಏಳಬೇಕೆಂಬ ನಿಯಮವೂ ಉಂಟು. ಇಂಥ ಅಚ್ಚುಕಟ್ಟು ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿದ್ದಿದ್ದರೆ ನನಗೆ ರಕ್ತದೊತ್ತಡ ಬರುತ್ತಿರಲಿಲ್ಲ. ಮಗ ತನ್ನ ಲೋಟವನ್ನು ನನ್ನ ಮೂಗಿಗೆ ಹಿಡಿದ. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಚಿವುಟಿದ ಹಾಗೆ ಘಮ್ಮೆಂದಿತು. ಅದರಾಚೆಗೆ ಹೋಗಲಿಲ್ಲ, ತರಕಾರಿಯ ಪೀಟ್ಸಾ ತಿಂದೆ.

ಇದನ್ನು ವರ್ಷವೆಲ್ಲ ಏಕೆ ಮಾಡುವುದಿಲ್ಲ ಎಂದು ಕೇಳಿದೆ. ಇದಕ್ಕೆ ಹಾಪ್ಸ್ ಬೇಕಾದದ್ದು ಬಹಳ. ಅದನ್ನು ಒಂದು ಸಲವಲ್ಲ, ಹಲವು ಸಲ ಹಾಕಿ ಕಾಯಬೇಕು. ಅಷ್ಟು ದಿನ ತೊಟ್ಟಿಗಳು ಇದಕ್ಕೇ ಮೀಸಲಾದರೆ ಉಳಿದ ಬಿಯರು ಮಾಡುವುದೆಲ್ಲಿ ಎಂದು ಮಗನ ಉತ್ತರ. ಸರಿ. ಹಾಗಾದರೆ ಬೆಲೆಯೇರಿಸಿ ಸಾಲನ್ನು ಕರಗಿಸಬಹುದಲ್ಲ? ಏರಿಸಿಲ್ಲ, ಬೀದಿಯಲ್ಲಿ ರಾತ್ರಿ ಕಳೆಯಬಲ್ಲ ಯಾರಿಗಾದರೂ ಕೈಗೆಟುಕುವಂತೆ ಇಟ್ಟಿದ್ದಾರೆ. ಇದನ್ನು ಕೇಳಿ ಆ ಬ್ರೂವರಿಯವರ ಮೇಲೆ ನನಗೆ ಗೌರವ ಬಂತು. ಆದರೂ ಶಿರಸ್ತೇದಾರನ ಬುದ್ಧಿ ನೋಡಿ, ಅಭಾವವನ್ನು ಕಂಡರೆ ಅದರ ಹಿಂದೆ ಗೋದಾಮನ್ನು ಹುಡುಕುತ್ತದೆ. ಎಲ್ಲರೂ ಇವರಂತಲ್ಲ. ವರ್ಷಕ್ಕೊಂದೇ ದಿನ ಮಾರುವವರು, ಶೀಸೆಯ ಕತ್ತಿಗೆ ಅರಗು ಮೆತ್ತಿ ಮೊಹರು ಮಾಡುವವರು, ಕೊಳ್ಳುವ ಹಕ್ಕಿಗೇ ಬೇರೆ ಟಿಕೇಟು ಮಾರುವವರು ಹೀಗೆ ಹಲವರಿದ್ದಾರೆ. ಅಂಥ ಕಡೆ ಅಭಾವವೂ ಬಿಯರಿನ ಜೊತೆ ತಯಾರಾಗುವ ಒಂದು ಸರಕೇ ಇರಬೇಕೆಂದು ನನ್ನ ಗುಮಾನಿ.

ಕಾರಿನಲ್ಲಿ ಹಿಂದಿರುಗುವಾಗ ಈ ಗುಮಾನಿಯನ್ನು ಹೊರಗೆಡವಿದೆ. ಅದಕ್ಕೆ ಉತ್ತರವಾಗಿ ಮಗ ಬೆಲ್ಜಿಯಮ್ಮಿನ ಸಂನ್ಯಾಸಿಗಳ ಕಥೆ ಹೇಳಿದ. ಆಮೇಲೆ ನಾನೇ ಅದನ್ನು ಹುಡುಕಿ ಓದಿಕೊಂಡೆ. ಓದಿದಷ್ಟೂ ಅವರ ಮೇಲೆ ಪ್ರೀತಿ ಬಂತು.

ವೆಸ್ಟ್‌ವ್ಲೆಟೆರೆನ್ ಎಂಬ ಹಳ್ಳಿಯಲ್ಲಿ ಸಂತ ಸಿಕ್ಸ್ಟಸನ ಹೆಸರಿನ ಮಠವೊಂದಿದೆ, 1831ರಲ್ಲಿ ಸ್ಥಾಪನೆಯಾದದ್ದು. ಟ್ರ್ಯಾಪಿಸ್ಟ್ ಪಂಥದ ಈ ಸಂನ್ಯಾಸಿಗಳು ತಮ್ಮ ಹೊಟ್ಟೆಗೆ ತಾವೇ ದುಡಿಯಬೇಕು. ಇವರು ಬಿಯರು ಮಾಡುತ್ತಾರೆ. ಮಠದ ಖರ್ಚಿಗೆ ಎಷ್ಟು ಬೇಕೋ ಅಷ್ಟೇ ಮಾಡುತ್ತಾರೆ. 1946ರಲ್ಲಿ, ಯುದ್ಧ ಮುಗಿದು ವ್ಯಾಪಾರ ಕುದುರುವ ಕಾಲಕ್ಕೆ, ಬಿಯರಿನ ಗಲಾಟೆ ಪ್ರಾರ್ಥನೆಗೆ ಅಡ್ಡಿಯೆಂದು ತಯಾರಿಕೆಯನ್ನು ತಗ್ಗಿಸಿ, ಹೊರಗೆ ಮಾರುವ ಬಿಯರು ಮಾಡಿಕೊಳ್ಳಲು ನೆರೆಯ ವಾಟೂ ಎಂಬ ಊರಿನವರಿಗೆ ಪರವಾನಗಿ ಕೊಟ್ಟುಬಿಟ್ಟರು. 1992ರವರೆಗೆ ಆ ಏರ್ಪಾಡು ನಡೆಯಿತು. ತಮಾಷೆಯೆಂದರೆ, ಅದೇ ವಂಶದ ಬಿಯರನ್ನು ವಾಟೂ ಊರಿನವರು ಈಗಲೂ ತಮ್ಮ ಹೆಸರಿನಲ್ಲಿ ಮಾಡುತ್ತಾರೆ, ದೇಶ ವಿದೇಶಗಳ ಅಂಗಡಿಗಳಲ್ಲಿ ಸಿಕ್ಕುತ್ತದೆ, ಅದಕ್ಕೆ ಸಾಲಿಲ್ಲ. ಮಠದ ಬಿಯರಿಗೆ ಬಹುಕಾಲ ಶೀಸೆಯ ಮೇಲೊಂದು ಚೀಟಿಯೂ ಇರಲಿಲ್ಲ. ಹೇಳಬೇಕಾದ್ದೆಲ್ಲ ಮುಚ್ಚಳದ ಮೇಲೆ.

2005ರಲ್ಲಿ ರಸಿಕರು ತಮ್ಮ ಮತಗಳಿಂದ ಈ ಮಠದ '12' ಎಂಬ ಕಪ್ಪು ಬಿಯರನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರಿದರು. ಮಠದ ಹಾದಿಯಲ್ಲಿ ಕಾರುಗಳು ನಿಂತವು. ಇನ್ನೊಬ್ಬರಾಗಿದ್ದರೆ ಮರುವರ್ಷವೇ ಇನ್ನೆರಡು ತೊಟ್ಟಿ ಕಟ್ಟಿಸುತ್ತಿದ್ದರು. ಸಂನ್ಯಾಸಿಗಳು ಕಟ್ಟಿಸಿದ್ದು ನಿಯಮಗಳನ್ನು. ಫೋನು ಮಾಡಿ ಮುಂಚೆಯೇ ಹೇಳಬೇಕು, ಕಾರಿನ ನಂಬರು ಕೊಡಬೇಕು, ಕಾರಿಗೆ ಒಂದೆರಡು ಕ್ರೇಟು ಮಾತ್ರ, ಒಮ್ಮೆ ಕೊಂಡ ಮೇಲೆ 60 ದಿನ ಅದೇ ನಂಬರಿಗೆ ಮತ್ತೆ ಇಲ್ಲ, ಕೊಂಡವರು ಮಾರಕೂಡದು. 2019ರಿಂದ ಫೋನಿನ ಬದಲು ಇಂಟರ್‌ನೆಟ್ ಬಂದಿದೆ. ಮಠದ ಕಟ್ಟಡ ದುರಸ್ತಿಗೆ ಹಣ ಬೇಕಾದಾಗ 2011ರಲ್ಲಿ ಬೆಲ್ಜಿಯಮ್ಮಿನಲ್ಲೂ ಮರುವರ್ಷ ಹೊರದೇಶಗಳಲ್ಲೂ ಒಂದು ಸಲ ಮಾತ್ರ ಅಂಗಡಿಗಳ ಮೂಲಕ ಮಾರಿ, ಹಣ ಕೂಡಿದೊಡನೆ ಮತ್ತೆ ಬಾಗಿಲು ಹಾಕಿಕೊಂಡರು. ಕಾರಿನ ನಂಬರು ಬರೆದುಕೊಳ್ಳುವ ಉಪಾಯ ನಮ್ಮ ಇಲಾಖೆಗೆ ಹೊಳೆಯಲಿಲ್ಲವಲ್ಲ ಎಂದು ನಾನು ಹಲುಬಿದೆ. ಸೀಮೆಎಣ್ಣೆಗೆ ಕಾರಿನಲ್ಲಿ ಬರುವವರಿರಲಿಲ್ಲವೆಂಬುದು ನೆನಪಾಗಿ ಸುಮ್ಮನಾದೆ.

ಇಷ್ಟಿದ್ದರೂ ಕಾಳಸಂತೆ ತಪ್ಪಿತೇ? 2018ರಲ್ಲಿ ನೆದರ್ಲೆಂಡ್ಸಿನ ಅಂಗಡಿಗಳ ಸರಣಿಯೊಂದು ಎಲ್ಲಿಂದಲೋ ಏಳು ಸಾವಿರಕ್ಕೂ ಮಿಕ್ಕಿ ಶೀಸೆಗಳನ್ನು ಸಂಪಾದಿಸಿ, ಮಠದಲ್ಲಿ 2 ಯೂರೋಗೂ ಕಡಿಮೆಗೆ ಸಿಕ್ಕುವುದನ್ನು ಸುಮಾರು 10 ಯೂರೋಗೆ ಮಾರಿತು. ಸಂನ್ಯಾಸಿಗಳು ನೊಂದುಕೊಂಡರು. ಏಳು ಸಾವಿರ ಶೀಸೆ ಒಬ್ಬನಿಗೆ ಸಿಕ್ಕಿರಲಾರದು. ಎಷ್ಟು ಕಾರು, ಎಷ್ಟು ಹೇಸರಗತ್ತೆ, ಮಾರುವುದಿಲ್ಲವೆಂದು ಒಪ್ಪಿಕೊಂಡು ಬಂದ ಎಷ್ಟು ನಾಲಿಗೆ! ಅಮೆರಿಕದಲ್ಲಿ ಒಂದು ಕಾಲಕ್ಕೆ ಇನ್ನೂ ಸೊಗಸಾದ ಉಪಾಯ ನಡೆಯುತ್ತಿತ್ತಂತೆ. ಪರವಾನಗಿಯಿಲ್ಲದೆ ಬಿಯರು ಮಾರುವಂತಿಲ್ಲವಾದ್ದರಿಂದ, ಇಂಟರ್‌ನೆಟ್ಟಿನ ಹರಾಜಿನಲ್ಲಿ 'ಇದು ಸಂಗ್ರಹಯೋಗ್ಯವಾದ ಶೀಸೆ, ಬೆಲೆ ಶೀಸೆಗೆ, ಒಳಗಿರುವುದಕ್ಕಲ್ಲ' ಎಂದು ಬರೆದು ತುಂಬಿದ ಶೀಸೆಯನ್ನೇ ಮಾರುವುದು. ಪಡಿತರದ ಸೀಮೆಎಣ್ಣೆಗೆ ಸರಕಾರ ನೀಲಿ ಬಣ್ಣ ಬೆರೆಸಿದರೆ ಬಣ್ಣ ತೆಗೆಯುವ ವಿದ್ಯೆ ಕಲಿತ ಜನರನ್ನು ನಾನು ಕಂಡಿದ್ದೇನೆ. ಆದರೂ ಈ ವಾದದ ಮುಂದೆ ಅವರು ಶಿಶುಗಳು.

ಧಾರವಾಡದ ಹುಡುಗನ ವಿಷಯ ಹೇಳುವುದು ಉಳಿಯಿತು. ಹೋದ ತಿಂಗಳು ಅವನ ಕೆಲಸ ಹೋಗಿತ್ತು. ಅಂಥ ವೀಸಾದವರಿಗೆ ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಲು 60 ದಿನ. ಸಿಕ್ಕದಿದ್ದರೆ ಗಂಟುಮೂಟೆ ಕಟ್ಟಬೇಕು. ಅದೇ ಸಂನ್ಯಾಸಿಗಳ 60! ಅಮೆರಿಕದಲ್ಲಿ ಕಾಯಮ್ಮಾಗಿ ನೆಲೆಸುವ ಗ್ರೀನ್ ಕಾರ್ಡಿಗೆ ಅವನು ಹತ್ತು ವರ್ಷದಿಂದ ಸಾಲಿನಲ್ಲಿದ್ದ. ಉದ್ಯೋಗದ ಮೂಲಕ ಕೊಡುವ ಆ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ ಏಳರಷ್ಟು ಎಂಬ ಮಿತಿಯಿದೆ. ದೇಶ ಚಿಕ್ಕದಾದರೂ ಏಳು, ನಮ್ಮಷ್ಟು ದೊಡ್ಡದಾದರೂ ಏಳು. ಇಲ್ಲಿ ತಲೆಗಿಷ್ಟು ಎಂಬ ಲೆಕ್ಕವಿಲ್ಲ. ಪ್ರತಿ ವರ್ಷವೂ ಮಗನೊಡನೆ ಸಾಂಟಾ ರೋಸಾದ ಸಾಲಿನಲ್ಲಿ ನಿಲ್ಲುತ್ತಿದ್ದ ಅವನು, ಕೆಲಸ ಹುಡುಕುವ ದಿನಗಳಲ್ಲಿ ಇದೇಕೆ ಎಂದು ಮಗ ಹೇಳಿದರೂ ಕೇಳದೆ ಈ ಸಲವೂ ಬಂದಿದ್ದ. ಬೀದಿಯಲ್ಲಿ ಚಳಿಗೆ ಕೈ ಉಜ್ಜಿಕೊಳ್ಳುತ್ತ, "ಇಷ್ಟು ಕಷ್ಟಪಟ್ಟು ಇದಕ್ಕೆ ನಿಲ್ಲಬೇಕೇನಪ್ಪ?" ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕು, "ಈ ಪಾಳಿ ಮುಂದ ಸರೀತೈತ್ರಿ, ಕಾಕಾ" ಎಂದಿದ್ದ.

ಏಪ್ರಿಲ್ ಬಂದರೂ ಕೆಲಸ ಸಿಕ್ಕಲಿಲ್ಲ. ಹೊರಡುವ ಮುಂಚಿನ ಶನಿವಾರ ಮಗನ ಮನೆಯಲ್ಲಿ ಊಟ. ತಂದಿದ್ದ ಶೀಸೆಗಳಲ್ಲಿ ಒಂದು ಉಳಿದಿತ್ತು. ಅದನ್ನು ಊರಿಗೆ ಒಯ್ದು ಹಳೆಯ ಗೆಳೆಯರೊಡನೆ ಒಡೆಯಬೇಕೆಂದು ಅವನ ಆಸೆ. ಮಗ ಒಪ್ಪಲಿಲ್ಲ. ಈ ಜಾತಿಯ ಬಿಯರು ದ್ರಾಕ್ಷಾರಸದಂತೆ ಇಟ್ಟಷ್ಟೂ ಮಾಗುವುದಲ್ಲ. ತಣ್ಣಗಿಟ್ಟು ಬೇಗ ಕುಡಿಯಬೇಕು. ಬೆಚ್ಚಗಾಗಿ ತಿಂಗಳು ಕಳೆದರೆ ಆ ಹೇರಳೆಕಾಯಿಯ ಪರಿಮಳವೆಲ್ಲ ಹಾರಿಹೋಗುತ್ತದೆ. ಸ್ವಲ್ಪ ಹೊತ್ತು ಚರ್ಚೆ ನಡೆದು, ಅಲ್ಲಿಯೇ ಒಡೆಯುವುದೆಂದಾಯಿತು. ಶೀಸೆ ಅರ್ಧ ಲೀಟರಿನದು. ಬಂದವರು ಎಂಟು ಜನ. ಯಾರ ಲೋಟಕ್ಕೆ ಎಷ್ಟು? ಎಲ್ಲರೂ ನನ್ನ ಕಡೆ ತಿರುಗಿದರು. ಕುಡಿಯದವನು, ಮೇಲಾಗಿ ಇಲಾಖೆಯವನು.

ನಮ್ಮಾಕೆಯ ಕೆಮ್ಮಿನ ಔಷಧಿಯ ಅಳತೆಲೋಟ ತರಿಸಿದೆ. ಸುರಿದರೆ ಮುಕ್ಕಾಲು ನೊರೆ. ಹಾಲಿನವನು ಎತ್ತರದಿಂದ ಹೊಯ್ದು ನೊರೆಯನ್ನೇ ಅಳೆದುಕೊಡುವುದನ್ನು ಕಂಡವನು ನಾನು. ನೊರೆ ಇಳಿಯುವವರೆಗೂ ಮುಂದಿನ ಲೋಟಕ್ಕೆ ಹೋಗುವುದಿಲ್ಲವೆಂದೆ. ನೊರೆ ಹೋದರೆ ಬಿಯರೇ ಹೋದಂತೆಂದು ಎಂಟು ಜನವೂ ಗಲಾಟೆ ಮಾಡಿದರು. ನಾನು ಜಗ್ಗಲಿಲ್ಲ. ಕಾಲು ಗಂಟೆ ಹಿಡಿಯಿತು. ಎಂಟು ಲೋಟಗಳಲ್ಲೂ ದಾರ ಹಿಡಿದು ನೋಡಿದರೂ ಒಂದೇ ಮಟ್ಟ. ಆಗ ಧಾರವಾಡದ ಹುಡುಗ ಇನ್ನೊಂದು ಲೋಟ ತಂದಿಟ್ಟು, "ಒಂಬತ್ತು ಪಾಲ ಮಾಡ್ರಿ ಕಾಕಾ. ಚೀಟಿನ್ಯಾಗ ನಿಮ್ಮ ಹೆಸರೂ ಐತಿ" ಎಂದ. ನಿಯಮದ ಪ್ರಕಾರ ಅದು ಸರಿಯಾದ ಮಾತು. ಎಂಟು ಲೋಟಗಳಿಂದಲೂ ಚಮಚದಲ್ಲಿ ತೆಗೆದು ಒಂಬತ್ತನೆಯದಕ್ಕೆ ಹಾಕಿದೆ. ಅದನ್ನು ಏನು ಮಾಡಿದೆನೆಂಬುದು ನಮ್ಮಾಕೆಗೆ ಗೊತ್ತಿದೆ, ಓದುಗರಿಗೆ ಬೇಡ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕದೆ ಇಳಿಸಿದರೆ ಹೇಗಿರುತ್ತದೆಂದು ಮಾತ್ರ ಈಗ ಹೇಳಬಲ್ಲೆ.

ಮಂಗಳವಾರ ಅವನು ಹೊರಟ. ಆ ಖಾಲಿ ಶೀಸೆಯನ್ನು ತೊಳೆದು, ಹಳೆಯ ಟವೆಲಿನಲ್ಲಿ ಸುತ್ತಿ, ಪೆಟ್ಟಿಗೆಯ ನಡುವೆ ಇಟ್ಟುಕೊಂಡು ಹೋದ. ಹೋದ ತಿಂಗಳು ಮಗನಿಗೆ ಫೋನು ಮಾಡಿದ್ದನಂತೆ. ಹುಬ್ಬಳ್ಳಿಯಲ್ಲಿ ಒಂದು ಕೆಲಸ ಸಿಕ್ಕಿದೆ, ಸಂಬಳ ಅಷ್ಟಕ್ಕಷ್ಟೆ. ಶೀಸೆಗೆ ಬೆಂಡು ಹಾಕಿ ಅವನ ತಾಯಿ ಕುಸುಬಿ ಎಣ್ಣೆ ತುಂಬಿಟ್ಟಿದ್ದಾರಂತೆ.